ಸೂಜಿಯಮ್ಮ ಒಪ್ಪಿಕೊಂಡ ನಾಲ್ಕು ಟ್ರೇ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಸೂಜಿಯಮ್ಮ ಎಂದೇ. ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ ಜನರ ತೋಳಿನಿಂದ ರಕ್ತ ತೆಗೆಯುವುದು. ಎಷ್ಟೇ ಆಳದಲ್ಲಿ ಅಡಗಿದ ನರವನ್ನೂ ಬೆರಳ ತುದಿಯಲ್ಲಿ ತಡವಿ ಹುಡುಕಿ, "ಎಲ್ಲಿ, ಆ ಕಡೆ ನೋಡಿ" ಅನ್ನುವಷ್ಟರಲ್ಲಿ ಮುಗಿಸಿಬಿಡುತ್ತಿದ್ದಳು. ಹೆದರಿ ಮುಷ್ಟಿ ಬಿಗಿದವರು ಕಣ್ಣು ಬಿಟ್ಟು, "ಚುಚ್ಚಿದ್ರಾ?" ಎಂದು ಕೇಳುವ ಹೊತ್ತಿಗೆ ಹತ್ತಿ ಅಂಟಿಸಿಯಾಗಿರುತ್ತಿತ್ತು. ಇಂಥ ಹಗುರ ಕೈಯವಳು ಅಡುಗೆಯಲ್ಲೂ ಗಟ್ಟಿಗಿತ್ತಿಯೇ ಇರಬೇಕೆಂದು ಜನ ನಂಬಿದ್ದರಲ್ಲಿ ಅವಳ ತಪ್ಪಿರಲಿಲ್ಲ. ತಪ್ಪು ಶುರುವಾದದ್ದು ಡಬ್ಬಿಯಿಂದ.

ಮೂರು ವರ್ಷದ ಹಿಂದೆ ಒಂದು ದಿನ ಅವಳ ಊಟದ ಡಬ್ಬಿಯಲ್ಲಿ ಪಾಲಕ್ ಸೊಪ್ಪು, ಚೀಸ್ ತುಂಬಿ ಓವನ್ನಿನಲ್ಲಿ ಬೇಯಿಸಿದ ಕೊಳವೆ ಪಾಸ್ತಾ ಇತ್ತು. ಮೇಲೆ ಟೊಮೇಟೊ ಸಾಸು, ಅಂಚಿನಲ್ಲಿ ಕೆಂಪಗೆ ಸೀದ ಚೀಸು. ರಿಸೆಪ್ಷನಿಸ್ಟ್ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಸೂಜಿಯಮ್ಮಾ, ನೀವೇ ಮಾಡಿದ್ದಾ?" ಅಂದಳು. ಸೂಜಿಯಮ್ಮನ ಬಾಯಿ ತುಂಬಿತ್ತು. ತಲೆಯಾಡಿಸಿದಳು. ನುಂಗಿದ ಮೇಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಮಾಡಿದ್ದು ಅವಳ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ; ಸೂಜಿಯಮ್ಮ ಅವಳನ್ನು ಕರೆಯುತ್ತಿದ್ದದ್ದು ಅಕ್ಕ ಎಂದು. ಅಣ್ಣ ತಮ್ಮ ಇಬ್ಬರ ಸಂಸಾರವೂ ಒಂದೇ ಮನೆಯಲ್ಲಿ. ಸೂಜಿಯಮ್ಮ ಬೆಳಿಗ್ಗೆ ಆರಕ್ಕೆ ಲ್ಯಾಬಿಗೆ ಹೊರಟರೆ ಮನೆಯ ಒಲೆ, ಒಗೆತ, ತರಕಾರಿ ಎಲ್ಲವೂ ಅಕ್ಕನ ಪಾಲು. ಗಂಡಸರಿಬ್ಬರಿಗೆ ಓವನ್ನಿನ ಬಾಗಿಲು ಯಾವ ಕಡೆಗೆ ತೆರೆಯುತ್ತದೆಂಬುದೂ ಗೊತ್ತಿರಲಿಲ್ಲ. ತಟ್ಟೆ ಯಾವ ಕಡೆಯಿಂದ ಬರುತ್ತದೆಂಬುದು ಚೆನ್ನಾಗಿ ಗೊತ್ತಿತ್ತು. ಆ ಪಾಸ್ತಾದಲ್ಲಿ ಸೂಜಿಯಮ್ಮನದು ಅಂತ ಇದ್ದದ್ದು ಒಂದೇ: ಲ್ಯಾಬಿಗೆ ಸಾಮಾನು ತರುವ ಅಂಗಡಿಯಿಂದ ತಂದುಕೊಟ್ಟ ಸೂಜಿಯಿಲ್ಲದ ದೊಡ್ಡ ಸಿರಿಂಜು. ಕೊಳವೆಗಳಿಗೆ ಹೂರಣ ತುಂಬಲು ಅಕ್ಕ ಅದನ್ನೇ ಬಳಸುತ್ತಿದ್ದಳು. ಈ ಸಂಗತಿ ಕೇಳಿ ಲ್ಯಾಬಿನವರು ಬಿದ್ದು ಬಿದ್ದು ನಕ್ಕಿದ್ದರು. "ಇಂಥ ತಲೆ ನಿಮಗೆ ಬಿಟ್ಟು ಇನ್ಯಾರಿಗೆ ಓಡುತ್ತೆ!" ಆ ಹೊಗಳಿಕೆಯನ್ನೂ ಅವಳು ಜೇಬಿಗಿಳಿಸಿದಳು.

ಹೀಗೇ ಸಾಗುತ್ತಿರಲು, ಲ್ಯಾಬಿನ ಹಿರಿಯ ನರ್ಸ್ ಒಬ್ಬರ ನಿವೃತ್ತಿಯ ದಿನ ಹತ್ತಿರ ಬಂತು. ಶನಿವಾರ ಬೀಳ್ಕೊಡುಗೆ. "ಸೂಜಿಯಮ್ಮನ ಪಾಸ್ತಾ ಇಲ್ಲದೆ ನಾನು ಹೋಗಲ್ಲಪ್ಪ," ಅಂದರು ನರ್ಸಮ್ಮ. ಮೂವತ್ತು ಜನ, ನಾಲ್ಕು ಟ್ರೇ. ತೊಂದರೆಯಾಗುತ್ತೇನೋ ಎಂದು ಯಾರೋ ಅನುಮಾನಿಸಿದಾಗ ಸೂಜಿಯಮ್ಮನ ನಾಲಿಗೆ ತಾನಾಗಿ ಹೊರಳಿತು: "ಏನ್ ಮಹಾ? ಅರ್ಧ ಗಂಟೆ ಕೆಲಸ."

ಅಕ್ಕನ ಬಲಗೈಗೆ ಪಟ್ಟಿ ಬಿದ್ದು ಆಗಲೇ ಹತ್ತು ದಿನವಾಗಿತ್ತು. ಮಣಿಕಟ್ಟು ಊದಿತ್ತು. ಒಂದು ತಿಂಗಳು ಏನನ್ನೂ ಹಿಂಡಬಾರದು, ತಿರುಚಬಾರದು ಎಂದು ಡಾಕ್ಟರು ಹೇಳುವಾಗ ಪಕ್ಕದಲ್ಲೇ ಕುಳಿತು ಕೇಳಿಸಿಕೊಂಡವಳು ಸೂಜಿಯಮ್ಮ. ಕೇಳಿಸಿಕೊಂಡೂ ಒಪ್ಪಿದ್ದಳು. ಆ ರಾತ್ರಿ ಅಕ್ಕ ಎಡಗೈಯಲ್ಲಿ ತಟ್ಟೆ ತಂದಿಟ್ಟಾಗ ಸೂಜಿಯಮ್ಮ ತಲೆಯೆತ್ತದೆ ಉಂಡು ಎದ್ದಳು.

ತಾನೇ ಮಾಡಿಬಿಟ್ಟರಾಯಿತು, ಅಕ್ಕನಿಗೂ ತಿಳಿಯಬೇಕಿಲ್ಲ, ಲ್ಯಾಬಿನವರಿಗೂ ತಿಳಿಯಬೇಕಿಲ್ಲ. ಹೀಗೆ ಲೆಕ್ಕ ಹಾಕಿ ಶುಕ್ರವಾರ ರಜೆ ಹಾಕಿದಳು. ಅಕ್ಕ ಕೈ ತೋರಿಸಲು ಆಸ್ಪತ್ರೆಗೆ ಹೋದದ್ದೇ ತಡ, ಹತ್ತು ಕಟ್ಟು ಸೊಪ್ಪು ಕಟ್ಟೆಯ ಮೇಲೆ ಸುರಿದಳು. ತೊಳೆದಷ್ಟೂ ಮಣ್ಣು, ಬಿಡಿಸಿದಷ್ಟೂ ದಂಟು. ಹತ್ತು ಕಟ್ಟು ಬೆಂದು ಎರಡು ಬಟ್ಟಲಾಯಿತು. ಹಾಲು ಒಡೆಸಿ ಸೋಸಿದ ಮೆತ್ತನೆ ಚೀಸಿಗೆ ನೀರಿಳಿಯುವ ಸೊಪ್ಪನ್ನು ಹಾಗೇ ಕಲಸಿದಳು. ಕೊಳವೆಗಳನ್ನು ಬಾಯಲ್ಲಿಟ್ಟರೆ ಕರಗುವಷ್ಟು ಬೇಯಿಸಿದಳು. ಸಿರಿಂಜಿಗೆ ಹೂರಣ ತುಂಬಿ ಒತ್ತಿದಳು. ಬರೀ ಹಸಿರು ನೀರು ಬಂತು. ನಾರು ಸಿಕ್ಕಿಕೊಂಡಿತ್ತು. ಇನ್ನಷ್ಟು ಒತ್ತಿದಳು. ನರ ಸಿಗದಿದ್ದರೆ ಒತ್ತಬಾರದೆಂದು ಹೊಸಬರಿಗೆ ಪಾಠ ಹೇಳುವ ಕೈ ಅದು. ಪಟ್ ಎಂದು ಸಿಕ್ಕಿಕೊಂಡಿದ್ದ ನಾರು ಹಾರಿ, ಕೊಳವೆ ಉದ್ದಕ್ಕೂ ಸೀಳಿ, ಹೂರಣ ಗೋಡೆಗೆ ಬಡಿಯಿತು.

"ಏನೇ ಇದು, ಗೋಡೆಗೆ ಇಂಜೆಕ್ಷನ್ನಾ?"

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕಟ್ಟೆ ನೋಡಿದಳು, ನಾಲ್ಕು ಟ್ರೇ ನೋಡಿದಳು. "ಇಷ್ಟು ಯಾರಿಗೆ?"

"ಲ್ಯಾಬಿಗೆ. ನರ್ಸಮ್ಮ ಕೇಳಿದ್ರು."

"ನನ್ನ ಕೇಳ್ದೇನೇ ಒಪ್ಕೊಂಡ್ಯಾ? ನನ್ನ ಕೈ ಹೀಗಿರೋದು ಅವರಿಗೆ ಹೇಳಲಿಲ್ವಾ?"

ಸೂಜಿಯಮ್ಮ ಗೋಡೆ ಒರೆಸುತ್ತಾ, ಅತ್ತ ಮುಖ ಮಾಡಿಯೇ ಹೇಳಿದಳು. "ಮಾಡೋದು ನೀವು ಅಂತ ಅವರಿಗೆ ಗೊತ್ತಿಲ್ಲ ಅಕ್ಕಾ. ನಾನೇ ಅಂದ್ಕೊಂಡಿದ್ದಾರೆ. ನಾನೂ... ಅಲ್ಲ ಅನ್ನಲಿಲ್ಲ. ಮೂರು ವರ್ಷದಿಂದ. ಅರ್ಧ ಗಂಟೆ ಕೆಲಸ ಅಂತಾನೂ ಅಂದ್ಬಿಟ್ಟೆ."

ಅಕ್ಕ ಕುರ್ಚಿ ಎಳೆದು ಕುಳಿತಳು. ಬೈಯುತ್ತಾಳೆಂದು ಕಾದರೆ ಬೈಯಲಿಲ್ಲ.

"ಹೆಸರು ತಗೊಂಡೆ, ತಗೋ. ನನಗೇನು ಅದನ್ನ ಬೋರ್ಡು ಬರೆಸಬೇಕಾ? ಆದರೆ ಅರ್ಧ ಗಂಟೆ ಅಂದ್ಯಲ್ಲೇ ತಾಯಿ! ಸೊಪ್ಪು ಬಿಡಿಸೋಕೇ ಮುಕ್ಕಾಲು ಗಂಟೆ. ಬಟ್ಟೇಲಿ ಕಟ್ಟಿ ಹಿಂಡೀ ಹಿಂಡೀ ಈ ಕೈ ಹೋಯ್ತು. ನಾರಿಲ್ಲದ ಹಾಗೆ ಹೆಚ್ಚಬೇಕು. ನೀನು ಬಾಯಿ ಮಾತಲ್ಲಿ ಎರಡೂವರೆ ಗಂಟೆ ಅಳಿಸಿಹಾಕಿದ್ಯಲ್ಲ, ಅದು ಯಾರ ಗಂಟೆ?"

"ತಪ್ಪಾಯ್ತಕ್ಕಾ."

"ಆಯ್ತು. ಈಗ ನಾನು ಎದ್ದು ಸರಿ ಮಾಡ್ತೀನಿ ಅಂದ್ಕೋಬೇಡ. ಮಾಡಲ್ಲ." ಹೇಳಿ ಅಕ್ಕ ಒಳಗೆ ಹೋಗಿ ಮಲಗಿದಳು. ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ಸೂಜಿಯಮ್ಮ ನೋಡಿದ್ದು ಅದೇ ಮೊದಲು.

ಸೀಳದೆ ನೆಟ್ಟಗುಳಿದ ಕೊಳವೆಗಳನ್ನು ಆಯ್ದು, ಬೆರಳಲ್ಲೇ ತುಂಬಿ, ಸಂಜೆಯೊಳಗೆ ಒಂದು ಟ್ರೇ ಆಯಿತು. ಒಂದು ಮೂಲೆ ಸೀದಿತ್ತು, ನಡುವೆ ನೀರು ನಿಂತಿತ್ತು.

ಶನಿವಾರ ಅದನ್ನು ಮೇಜಿನ ಮೇಲಿಟ್ಟು, ಯಾರೂ ಚಮಚ ಎತ್ತುವ ಮೊದಲೇ ಹೇಳಿಬಿಟ್ಟಳು. "ಇದು ನಾನು ಮಾಡಿದ್ದು, ಆದ್ದರಿಂದ ಹೀಗಿದೆ. ಇಷ್ಟು ದಿನ ನೀವು ತಿಂದದ್ದು ನಮ್ಮ ಅಕ್ಕನ ಕೈಯದು. ನಾನು ಸುಳ್ಳು ಹೇಳಿದ್ದೆ. ಅರ್ಧ ಗಂಟೆ ಅಂದದ್ದೂ ಸುಳ್ಳು. ಒಂದು ಟ್ರೇಗೆ ಮೂರು ಗಂಟೆ ಬೇಕು. ಅವರ ಕೈ ಊದಿದೆ."

ಎಲ್ಲರೂ ಛೀ ಅಂದಿದ್ದರೆ ಎದೆಯ ಭಾರ ಇಳಿಯುತ್ತಿತ್ತೇನೋ.

"ಅಯ್ಯೋ, ಅದಕ್ಕೇನಂತೆ!" ಅಂದರು ನರ್ಸಮ್ಮ, ತುಂಡು ಬಡಿಸಿಕೊಳ್ಳುತ್ತಾ. "ಮನೆಯವರೇ ತಾನೆ."

"ಹೌದಲ್ವಾ, ಯಾರು ಮಾಡಿದ್ರೇನು," ಅಂದಳು ರಿಸೆಪ್ಷನಿಸ್ಟ್. "ಕೈ ವಾಸಿಯಾದ ಮೇಲೆ ಒಂದು ಟ್ರೇ ಕಳಿಸೋಕೆ ಹೇಳಿ."

"ನಾನು ಹೇಳಲ್ಲ. ಬೇಕಿದ್ರೆ ನೀವೇ ಬಂದು ಕೇಳಿ. ಆಗಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ," ಅಂದಳು ಸೂಜಿಯಮ್ಮ. ರಿಸೆಪ್ಷನಿಸ್ಟ್ ಅದನ್ನು ತಮಾಷೆಯೆಂದುಕೊಂಡು ನಕ್ಕಳು.

ಮನೆಗೆ ಬಂದಾಗ ಅಕ್ಕ ಕಿಟಕಿಯ ಹತ್ತಿರ ಬಿಸಿನೀರಿನ ಬಟ್ಟಲಲ್ಲಿ ಕೈಯಿಟ್ಟು ಕುಳಿತಿದ್ದಳು. "ಹೇಳಿದ್ಯಾ?"

"ಹೇಳಿದೆ."

"ಏನಂದ್ರು?"

"ಅದಕ್ಕೇನಂತೆ, ಮನೆಯವರೇ ತಾನೆ ಅಂದ್ರು."

ಅಕ್ಕ ಜೋರಾಗಿ ನಕ್ಕಳು. ಆಮೇಲೆ, ನಗು ಇನ್ನೂ ತುಟಿಯಲ್ಲಿರುವಾಗಲೇ, ಕೇಳಿದಳು: "ನೀನೂ ಹಾಗೇ ಅಂದ್ಕೊಂಡಿದ್ದೆ ತಾನೆ?"

ಸೂಜಿಯಮ್ಮ ತಣ್ಣಗಾಗುತ್ತಿದ್ದ ಬಟ್ಟಲನ್ನು ಎತ್ತಿಕೊಂಡು, ನೀರು ಬದಲಾಯಿಸಲು ಒಳಗೆ ಹೋದಳು.