ತಂಗಿಯ ಬಾಲ್ಯದ ಊಟ

ವಾರದ ನಡುವೆ ಒಂದು ಸಂಜೆಯಾದರೂ ಮನೆಯಲ್ಲಿ ಟ್ಯೂನಾ ನೂಡಲ್ಸ್ ಆಗಬೇಕೆಂಬುದು ನನ್ನ ಮಗಳ ಹಟ. ನಾನು ಪುತ್ತೂರಿನ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುವವಳು. ಇಡೀ ದಿನ ಬೇರೆಯವರ ತೋಳಿನಲ್ಲಿ ನರ ಹುಡುಕಿ ಮನೆಗೆ ಬರುವಾಗ ಮೀನು ಕ್ಲೀನ್ ಮಾಡುವ, ತೆಂಗಿನಕಾಯಿ ತುರಿಯುವ ತಾಳ್ಮೆ ಉಳಿದಿರುವುದಿಲ್ಲ. ಹಾಗಾಗಿ ಮಗಳ ಹಟ ನನಗೂ ಅನುಕೂಲವೇ.

ಅಡುಗೆ ಸುಲಭ. ಒಂದು ಒಲೆಯಲ್ಲಿ ನೂಡಲ್ಸ್ ಬೇಯುತ್ತಿರುವಾಗ ಇನ್ನೊಂದರಲ್ಲಿ ಬೆಣ್ಣೆ ಕರಗಿಸಿ, ಮೈದಾ ಹುರಿದು, ಗಂಟಾಗದಂತೆ ತಿರುವುತ್ತಾ ಹಾಲು ಹೊಯ್ಯಬೇಕು. ಅದಕ್ಕೆ ಅಣಬೆ ಸೂಪಿನ ಪುಡಿ, ಒಂದು ಹಿಡಿ ಬಟಾಣಿ, ಎಣ್ಣೆ ಬಸಿದ ಟಿನ್ನಿನ ಟ್ಯೂನಾ ಮೀನು. ಎಲ್ಲ ಕಲಸಿ ಗಾಜಿನ ಪಾತ್ರೆಗೆ ಸುರಿದು, ಮೇಲೆ ಚೀಸ್ ತುರಿದು, ಬಟಾಟೆ ಚಿಪ್ಸ್ ಪುಡಿ ಮಾಡಿ ಉದುರಿಸಿ ಸಣ್ಣ ಓವನ್ನಿನಲ್ಲಿ ಇಟ್ಟರಾಯಿತು. ಮಗಳು ಹೋಂವರ್ಕ್ ಮುಗಿಸುವುದರೊಳಗೆ ಮೇಲಿನ ಪದರ ಕೆಂಪಗಾಗಿರುತ್ತದೆ. ಸುಳ್ಯದಲ್ಲಿ ಕೆಲಸ ಮಾಡುವ ಗಂಡ ಬಸ್ಸಿಳಿದು ಬಂದವನು ಮೂಸಿ ನೋಡಿ, "ಎಂತ ಮಾರಾಯ್ತಿ ಇದು, ಮೀನೂ ಅಲ್ಲ, ಪಾಯಸವೂ ಅಲ್ಲ" ಎನ್ನುತ್ತಾನೆ. ಆದರೂ ಎರಡು ಸಲ ಬಡಿಸಿಕೊಳ್ಳುತ್ತಾನೆ.

ನನ್ನ ತಾಯಿಯೂ ನಮ್ಮೊಂದಿಗೇ ಇದ್ದಾಳೆ. ಅಪ್ಪ ತೀರಿಹೋದ ಮೇಲೆ ಅವಳನ್ನು ಕರೆತಂದೆ. ಅವಳನ್ನು ನಾವು ಕರೆಯುವುದು ಮಮ್ಮಿ ಎಂದು. ಈ ಊಟ ಅವಳದ್ದೇ. ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದಾಗ ಪಕ್ಕದ ಕ್ವಾರ್ಟರ್ಸಿನ ಫಿಲಿಪಿನೋ ನರ್ಸ್ ಒಬ್ಬಳು ಕಲಿಸಿಕೊಟ್ಟದ್ದಂತೆ. ಚಮಚದಲ್ಲಿ ಮೆಲ್ಲಗೆ ತಿನ್ನುತ್ತಾ, "ಮಸ್ಕತ್ ನೆನಪಾಗ್ತದೆ" ಎನ್ನುತ್ತಾಳೆ. ಆಗ ನಾನು ಎದ್ದು ನೀರು ತರಲು ಹೋಗುತ್ತೇನೆ. ನನಗೆ ನೆನಪಾಗಲಿಕ್ಕೆ ಮಸ್ಕತ್ ಇಲ್ಲ.

ನಮ್ಮದು ಕೇರಳದಿಂದ ಬಂದು ಕಡಬದ ಹತ್ತಿರ ರಬ್ಬರ್ ಮಾಡಿದ ಕುಟುಂಬ. ಮನೆಮಾತು ಮಲಯಾಳ. ಆ ಮಾತುಗಳನ್ನೆಲ್ಲ ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಕನ್ನಡ ನನಗೆ ಶಾಲೆ ಕೊಟ್ಟ ಭಾಷೆ. ಮಸ್ಕತ್ತಿನಲ್ಲಿ ಬೆಳೆದ ತಂಗಿಗೆ ಕನ್ನಡದ ಒಂದಕ್ಷರವೂ ಓದಲು ಬರುವುದಿಲ್ಲ. ಅದೇ ಧೈರ್ಯದಲ್ಲಿ ಇಷ್ಟನ್ನು ಬರೆಯಲು ಕುಳಿತಿದ್ದೇನೆ.

ನನಗೆ ಸರಿಯಾಗಿ ಮಾತು ಬರುವ ಮೊದಲೇ ಮಮ್ಮಿ ನನ್ನನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಕೆಲಸಕ್ಕೆ ಮರಳಿದಳು. ಅಜ್ಜಿಯನ್ನು ನಾನು ಅಮ್ಮಚ್ಚಿ ಎನ್ನುತ್ತಿದ್ದೆ. ಅಪ್ಪನೂ ಮಸ್ಕತ್ತಿನಲ್ಲೇ ಒಂದು ಕಂಪೆನಿಯ ಸ್ಟೋರಿನಲ್ಲಿದ್ದ. ಕೆಲವು ವರ್ಷಗಳ ನಂತರ ತಂಗಿ ಹುಟ್ಟಿದಳು. ಅವಳು ಅವರ ಜೊತೆ ಮಸ್ಕತ್ತಿನಲ್ಲಿ ಬೆಳೆದಳು, ನಾನು ಅಮ್ಮಚ್ಚಿಯ ಜೊತೆ ಕಡಬದಲ್ಲಿ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಅವರು ಬರುತ್ತಿದ್ದರು. ಅವರು ಬರುವ ಸುದ್ದಿ ಸಿಕ್ಕಿದ ದಿನದಿಂದ ನಾನು ಅಂಗಳದ ಮೂಲೆಮೂಲೆ ಗುಡಿಸುತ್ತಿದ್ದೆ.

ಒಂದು ರಜೆ ಚೆನ್ನಾಗಿ ನೆನಪಿದೆ. ನನಗಾಗ ಹತ್ತು ವರ್ಷ ಇರಬೇಕು, ತಂಗಿಗೆ ಐದು. ಅಮ್ಮಚ್ಚಿ ಬೆಳಿಗ್ಗೆಯಿಂದ ಮರಗೆಣಸು ಸುಲಿದು ಬೇಯಿಸಿ, ಕೆಂಪು ಮೀನುಸಾರು ಮಾಡಿದ್ದಳು. ತಂಗಿ ತಟ್ಟೆ ನೋಡಿದವಳೇ ಮುಖ ತಿರುಗಿಸಿದಳು. ಖಾರ ಎಂದು ಅತ್ತಳು, ವಾಸನೆ ಎಂದು ಅತ್ತಳು. ಮರುದಿನವೂ ಅದೇ. ಮೂರನೆಯ ದಿನ ಸಂಜೆ ಮಮ್ಮಿ ಸೂಟ್‌ಕೇಸಿನಿಂದ ಟಿನ್ನುಗಳನ್ನು ಹೊರತೆಗೆದಳು. ಮೀನಿನ ಟಿನ್ನು, ಸೂಪಿನ ಟಿನ್ನು, ಚೀಸಿನ ನೀಲಿ ಡಬ್ಬಿ, ಅಲ್ಲಿಂದಲೇ ತಂದಿದ್ದ ಅಗಲ ಎಳೆಯ ನೂಡಲ್ಸ್.

ಅಮ್ಮಚ್ಚಿಯ ಅಡುಗೆಮನೆಯಲ್ಲಿ ಓವನ್ ಎಲ್ಲಿಂದ ಬರಬೇಕು? ದಪ್ಪ ತಳದ ಪಾತ್ರೆಯನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹಾಕಬೇಕೆಂದು ಮಮ್ಮಿ ಹೇಳಿದಳು. ನನ್ನನ್ನು ಕರೆದು, "ಗೆರಟೆ ತಾ ಮೋಳೆ, ಒಳ್ಳೆ ಒಣಗಿದ್ದು ನೋಡಿ ತಾ" ಎಂದಳು. ಮೋಳೆ ಎಂದರೆ ಮಗಳೇ. ಅವಳು ನನ್ನಿಂದ ಏನನ್ನಾದರೂ ಕೇಳುವುದೇ ಅಪರೂಪ. ನಾನು ಕೊಟ್ಟಿಗೆಯ ಹಿಂದಿನಿಂದ ಮಡಿಲು ತುಂಬ ತೆಂಗಿನ ಗೆರಟೆ ತಂದೆ. ಊದುಕೊಳವೆಯಲ್ಲಿ ಊದಿ ಊದಿ ಕೆಂಡ ಮಾಡಿದೆ. ಮುಚ್ಚಳ ತೆಗೆದಾಗ ಬಂದ ಪರಿಮಳ ಆ ಮನೆಯಲ್ಲಿ ಅದುವರೆಗೆ ಯಾರೂ ಕಂಡಿರದಂಥದ್ದು. ಬೆಣ್ಣೆ, ಉಪ್ಪು, ಸುಟ್ಟ ಹಾಲಿನ ವಾಸನೆ.

ತಂಗಿ ಮಮ್ಮಿಯ ಮಡಿಲಿನಲ್ಲಿ ಕುಳಿತಳು. ಮಮ್ಮಿ ಚಮಚಕ್ಕೆ ಉಫ್ ಉಫ್ ಎಂದು ಊದಿ ತಿನ್ನಿಸಿದಳು. ನಾನು ಎದುರಿನ ಮಣೆಯಲ್ಲಿ ತಟ್ಟೆ ಹಿಡಿದು ಕಾಯುತ್ತಿದ್ದೆ. ತಂಗಿ ಬಾಯಿ ಒರೆಸಿಕೊಂಡು, "ನಮ್ಮ ಮನೆಯಲ್ಲಿ ಮಾಡಿದ ಹಾಗೆ ಆಗ್ಲಿಲ್ಲ ಮಮ್ಮಿ" ಎಂದಳು. ನಾನು ಅಲ್ಲಿಯವರೆಗೂ ನಮ್ಮ ಮನೆ ಎಂದರೆ ಇದೇ ಎಂದುಕೊಂಡಿದ್ದೆ. ಅವರೆಲ್ಲ ಕೆಲಸಕ್ಕೆಂದು ಎಲ್ಲೋ ಹೋಗಿದ್ದಾರೆ, ಕೆಲಸ ಮುಗಿದ ಮೇಲೆ ಮನೆಗೆ ಬರುತ್ತಾರೆ ಎಂದುಕೊಂಡಿದ್ದೆ. ಮನೆ ಅವರಿಗೆ ಅಲ್ಲಿ ಉಂಟು, ಇಲ್ಲಿಗೆ ಬರುವುದು ರಜೆಗೆ ಎಂದು ಅವತ್ತು ಗೊತ್ತಾಯಿತು.

ಕೊನೆಗೆ ನನಗೆ ಸಿಕ್ಕಿದ್ದು ಪಾತ್ರೆಯ ಅಂಚಿಗೆ ಹಿಡಿದು ಕರಿದಾದ ಭಾಗ. ಅದು ರುಚಿಯಾಗಿತ್ತು. ರುಚಿಯಾಗಿತ್ತು ಎಂಬುದೇ ಸಂಕಟ. ಅಮ್ಮಚ್ಚಿ ಬೆರಳ ತುದಿಯಲ್ಲಿ ಸ್ವಲ್ಪ ನೆಕ್ಕಿ ನೋಡಿ, "ಹಲ್ಲಿಲ್ಲದವರಿಗೆ ಆದೀತು" ಎಂದು ಎದ್ದು ಹೋದಳು.

ರಜೆ ಮುಗಿಸಿ ಹೊರಡುವಾಗ ಉಳಿದ ಟಿನ್ನುಗಳನ್ನು ಮಮ್ಮಿ ಕಪಾಟಿನಲ್ಲಿಟ್ಟು, "ಇದು ನಿನಗೆ" ಎಂದಿದ್ದಳು. ಅವರು ಹೋದ ಮರುವಾರ, ಅಮ್ಮಚ್ಚಿ ಇಗರ್ಜಿಗೆ ಪ್ರಾರ್ಥನೆಗೆಂದು ಹೋದ ಹೊತ್ತಿಗೆ, ನಾನೇ ಅದನ್ನು ಮಾಡಲು ಹೊರಟೆ. ನೂಡಲ್ಸ್ ಇರಲಿಲ್ಲ, ಬೆಳಗಿನ ಒತ್ತುಶ್ಯಾವಿಗೆ ಇತ್ತು. ಸೂಪ್ ಇರಲಿಲ್ಲ, ಹಾಲು ಹೊಯ್ದೆ. ಟಿನ್ನು ತೆರೆಯಲು ಕತ್ತಿ ಬಳಸಿ ಬೆರಳು ಕೊಯ್ದುಕೊಂಡೆ. ಕೆಂಡ ಹಾಕಿದೆ, ಕಾದೆ. ಮುಚ್ಚಳ ತೆಗೆದರೆ ಹಾಲು ಒಡೆದು, ಶ್ಯಾವಿಗೆ ಮುದ್ದೆಯಾಗಿ, ಮೀನು ಬೂದುಬಣ್ಣಕ್ಕೆ ತಿರುಗಿ ಕುಳಿತಿತ್ತು. ನಾಯಿಗೆ ಹಾಕಿದೆ. ಅದೂ ಅರ್ಧ ಬಿಟ್ಟಿತು. ಅಮ್ಮಚ್ಚಿ ಬಂದವಳು ಬೆರಳಿನ ಬಟ್ಟೆ ನೋಡಿದಳು, ನಾಯಿಯ ತಟ್ಟೆ ನೋಡಿದಳು. ನನ್ನ ಮುಂದೆ ಒಂದು ಬಟ್ಟಲು ಗಂಜಿ ಇಟ್ಟಳು. ಉಳಿದ ಟಿನ್ನುಗಳು ಮರುದಿನ ಕಪಾಟಿನಲ್ಲಿರಲಿಲ್ಲ.

ಆಮೇಲೆ ಎಲ್ಲ ಎಲ್ಲರ ಮನೆಯಲ್ಲಿ ಆಗುವಂತೆಯೇ ಆಯಿತು. ನಾನು ಕಡಬದಲ್ಲಿ ಶಾಲೆ, ಪುತ್ತೂರಿನಲ್ಲಿ ಕಾಲೇಜು ಮುಗಿಸಿದೆ. ಅಮ್ಮಚ್ಚಿ ಹೋದಳು. ಅವಳ ಕೊನೆಯ ದಿನಗಳಲ್ಲಿ ಪಕ್ಕದಲ್ಲಿ ಮಲಗಿದ್ದವಳು ನಾನು. ಅರಂತೋಡಿನ ಹುಡುಗನನ್ನು ಮದುವೆಯಾಗಿ ಪುತ್ತೂರಿನಲ್ಲಿ ಮನೆ ಮಾಡಿದೆ. ಅಪ್ಪ, ಮಮ್ಮಿ ಕೆಲಸ ಮುಗಿಸಿ ಊರಿಗೆ ಬಂದರು. ತಂಗಿ ದುಬೈಯಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಸಂಸಾರ ಹೂಡಿದಳು. ಮಮ್ಮಿ ನಮ್ಮ ಮನೆಗೆ ಬಂದ ಮೇಲೆ ಒಂದು ದಿನ ಮೊಮ್ಮಗಳಿಗೆ ಈ ಊಟ ಮಾಡಿಕೊಟ್ಟಳು. ಮಗಳಿಗೆ ಅದು ಹಿಡಿಸಿತು. ಮಮ್ಮಿಯ ಕೈ ನಡುಗಲು ಶುರುವಾದ ಮೇಲೆ ಕೆಲಸ ನನ್ನ ಪಾಲಿಗೆ ಬಂತು. ಯಾರೂ ನನಗೆ ಕಲಿಸಬೇಕಾಗಲಿಲ್ಲ. ಅಂದು ಗೆರಟೆಯ ಕೆಂಡ ಊದುತ್ತಾ ಪ್ರತಿಯೊಂದನ್ನೂ ನೋಡಿಟ್ಟುಕೊಂಡಿದ್ದೆ.

ಕಳೆದ ವರ್ಷ ತಂಗಿ ರಜೆಯಲ್ಲಿ ಬಂದಳು. ಅವಳು ಅಡುಗೆಯ ವಿಡಿಯೋ ಮಾಡಿ ಫೋನಿನಲ್ಲಿ ಹಾಕುತ್ತಾಳೆ, ನೋಡುವವರು ತುಂಬ ಜನ ಇದ್ದಾರೆ. ಒಂದು ಸಂಜೆ ನಾನು ಲ್ಯಾಬಿನಿಂದ ಬರುವಾಗ ಅಡುಗೆಮನೆಯಲ್ಲಿ ದೀಪಗಳೆಲ್ಲ ಉರಿಯುತ್ತಿದ್ದವು. ನನ್ನ ಮಗಳು ಚಿಕ್ಕಮ್ಮನ ಫೋನು ಹಿಡಿದು ನಿಂತಿದ್ದಳು. ಮಮ್ಮಿ ಒಳ್ಳೆಯ ಸೀರೆ ಉಟ್ಟು ಮೇಜಿನ ಹತ್ತಿರ ಬಟಾಣಿ ಸುಲಿಯುತ್ತಿದ್ದಳು.

"ಚೇಚಿ, ಒಳ್ಳೆ ಸಮಯಕ್ಕೆ ಬಂದೆ. ಚೀಸ್ ತುರಿದು ಕೊಡು" ಎಂದಳು ತಂಗಿ. ಚೇಚಿ ಎಂದರೆ ಅಕ್ಕ. ನಾನು ಬ್ಯಾಗನ್ನು ಕುರ್ಚಿಯಲ್ಲಿಟ್ಟು, ಕೈ ತೊಳೆದು ತುರಿಯಲು ನಿಂತೆ.

ತಂಗಿ ಫೋನಿನ ಕಡೆ ನೋಡಿ ಮಾತಾಡತೊಡಗಿದಳು. ವಾರದ ದಿನಗಳಲ್ಲಿ ಬೇಗ ಮಾಡಬಹುದಾದ ಊಟ ಇದು, ನಮ್ಮ ಬಾಲ್ಯದ ರುಚಿ ಎಂದಳು. ಆಮೇಲೆ ನಗುತ್ತಾ ಮುಂದುವರಿಸಿದಳು. "ಮಮ್ಮಿ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಇದನ್ನು ಮಾಡ್ತಾ ಇದ್ರು. ನಾನು, ಚೇಚಿ ಇಬ್ಬರೂ ಮೇಜಿನ ಹತ್ರ ಚಮಚ ಹಿಡ್ಕೊಂಡು ಕಾಯ್ತಾ ಇದ್ದೆವು. ಮೇಲಿನ ಚಿಪ್ಸಿಗೆ ನಮ್ಮಿಬ್ಬರಿಗೆ ಜಗಳವೇ ಜಗಳ."

ನಾನು ತುರಿಯುವುದನ್ನು ನಿಲ್ಲಿಸಿದೆ. "ನಾನು ಆ ಮೇಜಿನ ಹತ್ರ ಇರ್ಲಿಲ್ಲ" ಎಂದೆ.

ಮಗಳು ಫೋನು ಕೆಳಗಿಳಿಸಿದಳು. ತಂಗಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹತ್ತಿರ ಬಂದು ನನ್ನ ಭುಜದ ಮೇಲೆ ಕೈಯಿಟ್ಟಳು. "ಗೊತ್ತುಂಟು ಚೇಚಿ. ನೋಡುವವರಿಗೆ ಚಂದ ಆಗ್ಲಿ ಅಂತ ಹೇಳಿದ್ದು. ನಿನ್ನನ್ನು ಬಿಟ್ಟು ಹೇಳಿದ್ರೆ ಬೇಜಾರಾಗುದಿಲ್ವಾ?"

ಬಿಟ್ಟದ್ದರ ಬಗ್ಗೆ ಅಷ್ಟು ಹಗುರವಾಗಿ ಮಾತಾಡಲು ಅವಳಿಗೆ ಬರುತ್ತದೆ. ಅವಳ ತಪ್ಪಲ್ಲ ಅದು, ಬಿಟ್ಟವಳು ಅವಳಲ್ಲ. ನಾನು ಮಮ್ಮಿಯ ಕಡೆ ತಿರುಗಿದೆ. ನಲವತ್ತು ದಾಟಿದ ಮೇಲೆ ಕೇಳುವ ಪ್ರಶ್ನೆಯಲ್ಲ ಎಂದು ಗೊತ್ತಿದ್ದೂ ಕೇಳಿದೆ.

"ಮಮ್ಮಿ, ನನ್ನನ್ನು ಮಾತ್ರ ಯಾಕೆ ಇಲ್ಲಿ ಬಿಟ್ಟದ್ದು?"

ಅವಳು ಸಿಟ್ಟಾಗುತ್ತಾಳೆ ಅಥವಾ ಅಳುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಇಂಥ ಸಣ್ಣ ವಿಷಯವನ್ನು ಇಷ್ಟು ವರ್ಷ ಕೇಳದೆ ಇದ್ದದ್ದೇ ವಿಚಿತ್ರ ಎನ್ನುವಂತೆ ನೋಡಿದಳು.

"ಇವಳನ್ನೂ ಬಿಡ್ಲಿಕ್ಕೆ ನೋಡಿದ್ದೆವು. ನಿನಗೆ ನೆನಪಿಲ್ವಾ? ಹಗಲೂ ಅಳು, ರಾತ್ರಿಯೂ ಅಳು. ಹಾಲು ಮುಟ್ಲಿಲ್ಲ, ಜ್ವರ ಬಂತು. ಹಾಗೆ ಬಿಟ್ಟು ಹೇಗೆ ಹೋಗುದು? ಕರ್ಕೊಂಡು ಹೋದೆವು. ನೀನು ಹಾಗಲ್ಲ. ನೀನು ಅಳ್ತಾ ಇರ್ಲಿಲ್ಲ, ಯಾರಿಗೂ ತೊಂದರೆ ಕೊಡ್ತಾ ಇರ್ಲಿಲ್ಲ. ಅಲ್ಲಿ ಎಲ್ಲರ ಹತ್ರವೂ ಹೇಳ್ತಿದ್ದೆ, ನನ್ನ ದೊಡ್ಡವಳು ಚಿನ್ನ ಅಂತ."

ಅದನ್ನು ಅವಳು ಹೊಗಳಿಕೆಯಾಗಿ ಹೇಳಿದಳು. ಹೇಳಿ ಮತ್ತೆ ಬಟಾಣಿ ಸುಲಿಯತೊಡಗಿದಳು.

ನನಗೆ ನೆನಪಿರುವ ಮೊದಲ ರಜೆಯ ಕೊನೆಗೆ ಅಮ್ಮಚ್ಚಿ ನನಗೆ ಹೇಳಿದ್ದಳು, "ಅತ್ರೆ ಮಮ್ಮಿಗೆ ಬೇಜಾರಾಗ್ತದೆ, ಮತ್ತೆ ಬರುದೇ ಇಲ್ಲ" ಎಂದು. ನಾನು ನಂಬಿದೆ. ಹಾಗಾಗಿ ಅವರ ಟ್ಯಾಕ್ಸಿ ತಿರುವು ದಾಟುವವರೆಗೂ ಕೈಬೀಸಿ, ಆಮೇಲೆ ರಬ್ಬರ್ ಶೀಟುಗಳನ್ನು ಹೊಗೆ ಹಾಕಿ ಒಣಗಿಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅಲ್ಲಿಂದ ಹೊರಗೆ ಬಂದವರ ಕಣ್ಣು ಕೆಂಪಗಿದ್ದರೆ ಯಾರೂ ಕಾರಣ ಕೇಳುವುದಿಲ್ಲ. ಅತ್ತಿದ್ದರೆ ಕರೆದುಕೊಂಡು ಹೋಗುತ್ತಿದ್ದರು ಎಂದು ನನಗೆ ಯಾರೂ ಹೇಳಿರಲಿಲ್ಲ. ತಂಗಿಗೂ ಯಾರೂ ಹೇಳಿರಲಿಲ್ಲ. ಅವಳು ಸುಮ್ಮನೆ ಅತ್ತಳು, ಅಷ್ಟೇ.

ಇದನ್ನು ಮಮ್ಮಿಗೆ ಹೇಳಲು ಬಾಯಿ ತೆರೆದೆ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಉಳಿದ ಚೀಸ್ ತುರಿದು ತಂಗಿಯ ಕೈಗೆ ಕೊಟ್ಟೆ. ಅವಳು ಆ ಮಾತುಗಳನ್ನು ಮತ್ತೊಮ್ಮೆ, ಮೊದಲಿನಿಂದ, ಅದೇ ನಗುವಿನೊಂದಿಗೆ ಹೇಳಿದಳು. ಈ ಸಲವೂ ನಾನು ಮೇಜಿನ ಹತ್ತಿರ ಚಮಚ ಹಿಡಿದು ಕಾಯುತ್ತಿದ್ದೆ.

ಆ ವಿಡಿಯೋ ತುಂಬ ಜನರಿಗೆ ಇಷ್ಟವಾಯಿತಂತೆ. ಅಕ್ಕತಂಗಿಯರೆಂದರೆ ಹೀಗಿರಬೇಕು ಎಂದು ಯಾರೋ ಬರೆದದ್ದನ್ನು ತಂಗಿ ನನಗೆ ಕಳಿಸಿದಳು. ಹೊರಡುವ ದಿನ ಅವಳು ನನ್ನನ್ನು ತಬ್ಬಿಕೊಂಡು ಅತ್ತಳು. ಅವಳಿಗೆ ಈಗಲೂ ಅಳು ಬೇಗ ಬರುತ್ತದೆ. ನಾನು ಅವಳ ಬೆನ್ನು ಸವರಿದೆ, ಪೆಟ್ಟಿಗೆಗಳನ್ನು ಕಾರಿಗೆ ಎತ್ತಿಟ್ಟೆ. ಅವಳ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಆ ಸಿಟ್ಟನ್ನು ಹೊರಿಸಲಿಕ್ಕೆ ಅವಳದ್ದೆಂಬ ತಪ್ಪೇನೂ ಕಾಣಲಿಲ್ಲ.

ಕೆಲವು ವಾರಗಳ ನಂತರ ಒಂದು ಸಂಜೆ ನಾನು ಮನೆಗೆ ಬರುವಾಗ ಊಟ ಆಗಲೇ ತಯಾರಿತ್ತು. ಮಮ್ಮಿ ಮೊಮ್ಮಗಳನ್ನು ಅಂಗಡಿಗೆ ಕಳಿಸಿ ಟಿನ್ನು ತರಿಸಿ, ನಡುಗುವ ಕೈಯಲ್ಲೇ ಎಲ್ಲ ಮಾಡಿದ್ದಳು. ಒಲೆಯ ಸುತ್ತ ಹಾಲು ಚೆಲ್ಲಿತ್ತು. ನನ್ನನ್ನು ಮೇಜಿನ ಹತ್ತಿರ ಕೂರಿಸಿ, ಬೇರೆ ಯಾರಿಗೂ ಬಡಿಸುವ ಮೊದಲು ನನ್ನ ತಟ್ಟೆಗೆ ನಡುಭಾಗದಿಂದ ದೊಡ್ಡ ತುಂಡೊಂದನ್ನು ಹಾಕಿದಳು.

"ನಿನಗೇ ಅಂತ ಮಾಡಿದ್ದು. ಆಗ ನಿನಗೆ ಇದು ಸಿಗ್ಲಿಲ್ಲ ಅಲ್ವಾ" ಎಂದಳು.

ನಾನು ಕೇಳಿದ್ದರಲ್ಲಿ ಅವಳಿಗೆ ಅರ್ಥವಾದದ್ದು ಇಷ್ಟು. ಅವಳು ಅದನ್ನು ಮನಸ್ಸಿಟ್ಟು ಮಾಡಿದ್ದಳು, ಅದೂ ನಿಜ. ನಾನು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಒಳಗೆ ಇನ್ನೂ ಬಿಸಿ ಇತ್ತು, ನಾಲಿಗೆ ಸುಟ್ಟಿತು. ಅವಳು ಎದುರಿನ ಕುರ್ಚಿಯಲ್ಲಿ ಕುಳಿತು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಹೇಗುಂಟು?"

"ಒಳ್ಳೆದುಂಟು."

"ನಾಳೆಯೂ ಮಾಡ್ಲಾ?"

"ಬೇಡ ಮಮ್ಮಿ" ಎಂದೆ. "ನಾಳೆ ಗಂಜಿ ಸಾಕು."