ಖಾಲಾ ಕೊಟ್ಟ ಚಹಾ

ಮೈಸೂರಿನ ಕಣ್ಣಿನ ಡಾಕ್ಟರ ಹತ್ತಿರ ಸರದಿಗೆ ಕಾಯುತ್ತ ಕೂತಿದ್ದೆ. ಎದುರು ಗೋಡೆಯಲ್ಲಿ ಗಾಜು ಹಾಕಿಸಿದ, ಕಪ್ಪು ಗೆರೆಗಳ ಒಂದು ಚಿತ್ರ. ಬಿರುಕು ಬಿಟ್ಟ ಮಹಡಿ, ಜೋತುಬಿದ್ದ ಹೆಂಚು, ಹೊಸ್ತಿಲಲ್ಲಿ ಕೈ ಮುಂದೆ ಮಾಡಿ ಕೂತ ಮುದುಕಿ. ನೋಡಿದ್ದೇ ಮೈಯೆಲ್ಲ ಉರಿದುಹೋಯಿತು. ಅದು ಹುಣಸೂರಿನಲ್ಲಿ ನನ್ನ ಸೈಕಲ್ ಅಂಗಡಿಯ ಎದುರಿಗಿದ್ದ ಕಟ್ಟಡ. ಆ ಮುದುಕಿ ನಮ್ಮ ಖಾಲಾ; ಖಾಲಾ ಅಂದರೆ ಚಿಕ್ಕಮ್ಮ, ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದೆವು.

ಯಾವ ಕಾಲದಲ್ಲೋ ಮರದ ವ್ಯಾಪಾರಿಯೊಬ್ಬ ಕಟ್ಟಿಸಿದ ಮಹಡಿ ಮನೆ ಅದು. ಆಮೇಲೆ ಕೋಣೆಗೊಂದು ಸಂಸಾರ ಸೇರಿಕೊಂಡಿತು... ಖಾಲಾ ಅಲ್ಲಿ ಮಗಳ ಜೊತೆ ಹಾಸಿಗೆ, ದಿಂಬು ಹೊಲಿದು ಬದುಕುತ್ತಿದ್ದರು. ತಲೆಗೂದಲ ತುಂಬ ಹತ್ತಿಯ ಎಳೆ. ಬಾಗಿಲ ಮುಂದೆ ಯಾರೇ ನಿಂತರೂ, ವಿಳಾಸ ಕೇಳಲು ಬಂದವನಾದರೂ ಸರಿ, ಚಹಾ ಕುಡಿಸದೆ ಕಳಿಸಿದವರಲ್ಲ. ಹಾಲಿಲ್ಲದ ದಿನ ಕರಿ ಚಹಾ, ಅಷ್ಟೇ.

ಒಂದು ದಿನ ಯಾರೋ ಕಲಾವಿದ ಬಂದು ನನ್ನ ಅಂಗಡಿ ಪಕ್ಕ ಸ್ಟೂಲ್ ಹಾಕಿಕೊಂಡು ಆ ಕಟ್ಟಡ ಬರೆಯತೊಡಗಿದ. ಮುಂದೆ ತಾಮ್ರದ ತಗಡಿನ ಮೇಲೆ ಗೀರಿ ಅಚ್ಚು ತೆಗೆಯುತ್ತಾನಂತೆ. ಖಾಲಾ ಹೊಸ್ತಿಲಲ್ಲಿ ಕೂತು ಅವನತ್ತ ಲೋಟ ಹಿಡಿದರು.

"ಬನ್ನಿ ಸಾರ್, ಆರೋಯ್ತದೆ."

"ಹಾಗೇ ಇರಿ ಅಮ್ಮಾ, ಕೈ ಇಳಿಸ್ಬೇಡಿ" ಎಂದ ಅವನು.

ಖಾಲಾ ಅಲ್ಲಾಡದೆ ಹಿಡಿದೇ ಇದ್ದರು. ಚಹಾ ತಣ್ಣಗಾಯಿತು. ಅವನು ಅದನ್ನೇ ಕುಡಿದು, ಚೆನ್ನಾಗಿದೆ ಎಂದು ಹೊಗಳಿ ಹೊರಟುಹೋದ.

ಮಗಳಿಗೆ ಆಗ ಪಿರಿಯಾಪಟ್ಟಣದ ಗಂಡು ಗೊತ್ತಾಗಿತ್ತು. ಕೆಲವು ತಿಂಗಳಿಗೆ ಆ ಚಿತ್ರ ಪೇಪರಿನಲ್ಲಿ ಬಂತು, ಕೆಳಗೆ 'ನಗರದ ಬಡತನ' ಎಂದು ಬರೆದಿತ್ತು. ಖಾಲಾ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ಲೋಟ ಎಲ್ಲೋಯ್ತಪ್ಪಾ?"

ಲೋಟ ಇರಲಿಲ್ಲ. ಬರೀ ಕೈ ಇತ್ತು.

ಗಂಡಿನ ಕಡೆಯವರೂ ಪೇಪರ್ ನೋಡಿದ್ದರು. ತಾಯಿ ಭಿಕ್ಷೆ ಎತ್ತುವ ಮನೆಯ ಹೆಣ್ಣು ಬೇಡ ಎಂದು ಹೇಳಿಕಳಿಸಿದರು. ಖಾಲಾ ಅವರ ಬಾಗಿಲಿಗೇ ಹೋಗಿ, ನಾನು ಚಹಾ ಕೊಡುತ್ತಿದ್ದೆ ಎಂದು ಆಣೆ ಮಾಡಿ ಹೇಳಿದರಂತೆ. ಯಾರು ನಂಬುತ್ತಾರೆ? ಪೇಪರಿನಲ್ಲಿ ಬಂದದ್ದೇ ಸತ್ಯ ನಮ್ಮ ಜನಕ್ಕೆ! ಸಂಬಂಧ ಮುರಿಯಿತು. ಆಮೇಲೆ ಖಾಲಾ ಬಾಗಿಲು ಮುಂದೆ ಮಾಡಿಕೊಂಡೇ ಹೊಲಿಯುತ್ತಿದ್ದರು. ಬೀದಿಯವರಿಗೆ ಚಹಾ ನಿಂತಿತು. ಒಂದು ಮಳೆಗಾಲದಲ್ಲಿ ಖಾಲಾ ತೀರಿಕೊಂಡರು, ಕಟ್ಟಡವನ್ನೂ ಕೆಡವಿದರು. ಮಗಳು ಎಲ್ಲಿದ್ದಾಳೋ... ಗೊತ್ತಿಲ್ಲ.

ನನ್ನ ಪಕ್ಕ ಕೂತಿದ್ದ ಹೆಂಗಸೊಬ್ಬಳು ಮಗುವಿಗೆ ಆ ಚಿತ್ರ ತೋರಿಸುತ್ತಿದ್ದಳು. "ನೋಡು ಪುಟ್ಟಾ, ಪಾಪ, ಅಜ್ಜಿ ಭಿಕ್ಷೆ ಬೇಡ್ತಾ ಇದೆ."

ತಡೆಯಲಾಗಲಿಲ್ಲ. "ಬೇಡ್ತಾ ಇಲ್ಲ ಕಣಮ್ಮಾ, ಕೊಡ್ತಾವ್ರೆ!" ಎಂದು ಕೂಗಿಬಿಟ್ಟೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಗುವನ್ನು ಎತ್ತಿಕೊಂಡು ಆಚೆ ಕುರ್ಚಿಗೆ ಹೋದಳು.