ಹಳೆಯ ಹಾಯಿದೋಣಿಯ ಮೊದಲ ಸುತ್ತು

ದೋಣಿ ಮುಳುಗಬಹುದಿತ್ತು. ಅದು ಯಾರಿಗಾದರೂ ಹೊಳೆಯುವ ಮಾತು. ನನಗೆ ಅದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಹಾಯಿ ಕಟ್ಟುವ ಕಂಬ ಅರ್ಧಕ್ಕೆ ಮುರಿದು ನನ್ನ ತಲೆಯ ಮೇಲೆಯೇ, ಬೇರೆ ಯಾರ ತಲೆಯ ಮೇಲೂ ಅಲ್ಲ, ಬೀಳಬಹುದಿತ್ತು. ಭದ್ರಾ ಹಿನ್ನೀರಿನಡಿ ಹಳೆಯ ಮರಗಳ ಬೊಡ್ಡೆಗಳು ಇನ್ನೂ ನಿಂತಿವೆ. ಅವುಗಳಲ್ಲೊಂದು ದೋಣಿಯ ತಳವನ್ನು ಸೀಳಬಹುದಿತ್ತು. ಮೊಸಳೆ ಇದೆ ಎನ್ನುತ್ತಾರೆ. ಆನೆಗಳು ಈ ದಡದಿಂದ ಆ ದಡಕ್ಕೆ ಈಜಿಕೊಂಡು ಹೋಗುತ್ತವೆ. ಅವಕ್ಕೆ ನಾವು ಅಡ್ಡ ಬರಬಹುದಿತ್ತು. ಕಂಬಕ್ಕೆ ಸಿಡಿಲು ಹೊಡೆಯಬಹುದಿತ್ತು. ಕ್ಯಾಬಿನ್ನಿನ ಸ್ಟವ್ ಹೊತ್ತಿಕೊಳ್ಳಬಹುದಿತ್ತು.

“ತ್ಯಾವರೆಕೊಪ್ಪದ ಸಫಾರಿಯಿಂದ ಹುಲಿ ತಪ್ಪಿಸ್ಕೊಂಡು ಬಂದು ದೋಣಿ ಹತ್ತಿದ್ರೆ? ಅದನ್ನೂ ಸೇರಿಸ್ಕೊಳ್ಳಿ,” ಎಂದಿದ್ದಳು ಹೆಂಡತಿ. ಆ ಬಗ್ಗೆಯೂ ನಾನು ಒಂದು ಕ್ಷಣ ಯೋಚಿಸಿದ್ದು ನಿಜ.

ನನ್ನ ಕಸುಬೇ ಅಂಥದ್ದು. ಅಪಘಾತವಾದ ವಾಹನಗಳನ್ನು ನೋಡಿ ವಿಮೆ ಕಂಪನಿಗಳಿಗೆ ವರದಿ ಬರೆಯುವ ಸರ್ವೇಯರ್ ನಾನು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವಾಗ ಉಳಿದವರಿಗೆ ರಸ್ತೆ ಕಂಡರೆ, ನನಗೆ ಯಾವ ತಿರುವಿನಲ್ಲಿ ಯಾರ ಕಾರಿನ ಬಾನೆಟ್ ಮಡಚಿಕೊಂಡಿತ್ತು ಎಂಬುದು ಕಾಣುತ್ತದೆ. ಇಂಥವನು ನಡುವಯಸ್ಸಿನಲ್ಲಿ ಹಾಯಿದೋಣಿ ಕೊಂಡದ್ದಕ್ಕೆ ಕಾರಣ ಭದ್ರಾವತಿಯ ನನ್ನ ಗೆಳೆಯ. ಕಾಲೇಜಿನಲ್ಲಿ ನಮ್ಮಿಬ್ಬರದು ಒಂದೇ ಬೆಂಚು. ಈಗ ಅವನದೊಂದು ಲೇತ್ ವರ್ಕ್‌ಶಾಪ್. ಮಂಗಳೂರಿನ ವಯಸ್ಸಾದ ಗೃಹಸ್ಥರೊಬ್ಬರು ತಾವು ಕರಾವಳಿಯುದ್ದಕ್ಕೂ ಸುತ್ತಿದ್ದ ದೋಣಿಯನ್ನು ಮಾರುತ್ತಿದ್ದಾರೆಂಬ ಸುದ್ದಿ ತಂದವನು ಅವನೇ.

ಹೋಗಿ ನೋಡಿದೆವು. ನನ್ನ ಮದುವೆಗಿಂತ ಹಳೆಯ ದೋಣಿ. ಒಳಗೆ ಇಬ್ಬರು ಮಲಗುವಷ್ಟು ಕ್ಯಾಬಿನ್, ಪುಟ್ಟ ಅಡುಗೆಕಟ್ಟೆ, ಹಿಂದೆ ಚುಕ್ಕಾಣಿಗೆ ಸವೆದು ನುಣುಪಾದ ಮರದ ಹಿಡಿ. ಅಭ್ಯಾಸದಂತೆ ತಳವನ್ನು ತಟ್ಟಿ ನೋಡಿದೆ, ಬಿರುಕುಗಳ ಫೋಟೊ ತೆಗೆದೆ. ಬೇಡ ಎನ್ನಬೇಕೆಂದು ಎದ್ದವನು, ಏಳುವಾಗ ಆಸರೆಗೆಂದು ಆ ಹಿಡಿಯನ್ನು ಹಿಡಿದುಕೊಂಡೆ. ಆಮೇಲೆ ಬೇಡ ಎನ್ನಲಾಗಲಿಲ್ಲ.

ನನ್ನದು ಒಂದೇ ಷರತ್ತು: ಮೊದಲ ಸುತ್ತಿಗೆ ನಾನು, ಅವನು, ನನ್ನ ಹೆಂಡತಿ ಮೂವರೂ ಒಟ್ಟಿಗೆ ಹೋಗಬೇಕು, ಚುಕ್ಕಾಣಿ ನನ್ನ ಕೈಯಲ್ಲಿರಬೇಕು.

“ಆಯ್ತು ಮಾರಾಯ, ಚುಕ್ಕಾಣಿ ನಿಂದೇ. ಅತ್ತಿಗೆ ಸಾಕ್ಷಿ,” ಎಂದು ಗೆಳೆಯ ನನ್ನ ಹೆಂಡತಿಯ ಎದುರೇ ಕೈಮೇಲೆ ಕೈ ಹಾಕಿದ.

ದೋಣಿ ಲಾರಿಯಲ್ಲಿ ಘಟ್ಟ ಹತ್ತಿ ಅವನ ವರ್ಕ್‌ಶಾಪಿನ ಅಂಗಳಕ್ಕೆ ಬಂತು. ಅಲ್ಲಿನ ಕೆಲಸಗಾರರಲ್ಲಿ ತಮಿಳು ಮನೆಮಾತಿನವರೇ ಹೆಚ್ಚು. ಅವರ ಬಾಯಲ್ಲಿ ಅದು ಹಡಗೇ ಆಯಿತು. “ಏನ್ ಸಾರ್, ಕಪ್ಪಲ್ ಯಾವಾಗ ಬಿಡೋದು?” ಎಂದು ನಾನು ಹೋದಾಗಲೆಲ್ಲ ಕೇಳುವರು. ಬಿರುಕು ಮುಚ್ಚಿದ್ದಾಯಿತು, ಬಣ್ಣ ಹೊಡೆದದ್ದಾಯಿತು, ಅನುಮತಿ ಪಡೆದು ಬಿ.ಆರ್. ಪ್ರಾಜೆಕ್ಟಿನ ಅಣೆಕಟ್ಟಿನಾಚೆ ಹಿನ್ನೀರಿಗೆ ಇಳಿಸಿ ಕಟ್ಟಿದ್ದೂ ಆಯಿತು. ಹಗ್ಗ ಬಿಚ್ಚಬೇಕೆನ್ನುವ ಹೊತ್ತಿಗೆ ಸರಿಯಾಗಿ ನನಗೊಂದು ಸಡಿಲ ಬೋಲ್ಟ್ ಕಾಣುತ್ತಿತ್ತು. ಅದನ್ನು ಬಿಗಿ ಮಾಡಿಸಿದರೆ ಆಕಾಶದಲ್ಲೊಂದು ಮೋಡ.

ಹಾಗೆಂದು ನಾನು ಸುಮ್ಮನೆ ಕೂತಿರಲಿಲ್ಲ. ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಮನೆಯ ಟೆರೇಸಿನಲ್ಲಿ ಸಂಜೆ ಹೊತ್ತು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಉದ್ದ ಹಿಡಿಯ ಪೊರಕೆಯನ್ನೇ ಚುಕ್ಕಾಣಿ ಮಾಡಿಕೊಂಡು ಅಭ್ಯಾಸ ಮಾಡುತ್ತಿದ್ದೆ. ದೋಣಿ ಬಲಕ್ಕೆ ತಿರುಗಬೇಕಾದರೆ ಹಿಡಿಯನ್ನು ಎಡಕ್ಕೆ ತಳ್ಳಬೇಕು. ಕಾರು ಓಡಿಸಿದ ಕೈಗೆ ಇದು ಒಗ್ಗುವುದು ಕಷ್ಟ. ಬಟ್ಟೆ ತೆಗೆಯಲು ಬಂದ ಹೆಂಡತಿಯನ್ನೂ ಕೂರಿಸಿ ಹೇಳಿಕೊಟ್ಟೆ. ಪಕ್ಕದ ಮನೆಯವರು, “ಏನ್ರೀ ಇದು, ಕಸ ಹೊಡೆಯೋಕೂ ಟ್ರೈನಿಂಗಾ?” ಎಂದು ಕೇಳಿದ್ದರು.

ಕೊನೆಗೆ ಗೆಳೆಯನೇ ಉಪಾಯ ಹೂಡಿದ. “ಆಯುಧಪೂಜೆ ದಿನ ದೋಣಿಗೂ ಪೂಜೆ ಮಾಡ್ಬಿಡೋಣ. ಆಮೇಲೆ ನೀನು ಹೆಂಗ್ ನಿಲ್ಲಿಸ್ತೀಯ ನೋಡ್ತೀನಿ.” ನಾನು ಸಿಕ್ಕಿಬಿದ್ದೆ. ಪೂಜೆಯಾದ ಗಾಡಿ ನಿಂತಲ್ಲೇ ನಿಲ್ಲುವಂತಿಲ್ಲ. ನಿಂಬೆಹಣ್ಣು ತುಳಿದು ಒಂದು ಸುತ್ತಾದರೂ ಹೋಗಿ ಬರಬೇಕು. ನಾನು ತಪ್ಪಿಸಿಕೊಳ್ಳಲಾಗದ ಏಕೈಕ ಕಟ್ಟಳೆ ಅದು. ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಅಂದು ನಿದ್ದೆ ಕೆಡಿಸಿದ್ದು ಹೆದರಿಕೆಯಲ್ಲ, ಆಸೆ. ಎಷ್ಟೋ ವರ್ಷಗಳ ಮೇಲೆ ಅಂಥದ್ದೊಂದು ಆಗಿತ್ತು.

ಬೆಳಿಗ್ಗೆ ಕಂಬಕ್ಕೆ ಬಾಳೆಕಂದು ಕಟ್ಟಿ, ಮೂತಿಗೆ ಚೆಂಡುಹೂವಿನ ಹಾರ ಹಾಕಿದೆವು. ಚಕ್ರವಿಲ್ಲದ ಇದಕ್ಕೆ ನಿಂಬೆಹಣ್ಣು ಎಲ್ಲಿಡುವುದೆಂದು ಚರ್ಚೆಯಾಯಿತು.

“ನೀರಲ್ಲಿ ಬಿಡಿ, ತುಳ್ಕೊಂಡು ಹೋಗುತ್ತೆ,” ಎಂದಳು ಹೆಂಡತಿ.

ಆಗ ಗೆಳೆಯ ಹಣೆ ಬಡಿದುಕೊಂಡ. “ಬೂದುಗುಂಬಳಕಾಯಿ ಮರೆತೆ ಮಾರಾಯ! ಇಲ್ಲೆಲ್ಲ ಖಾಲಿಯಾಗಿರುತ್ತೆ. ಭದ್ರಾವತಿ ಮಾರ್ಕೆಟ್ಟಿಂದ ನೀನೇ ತಾ. ನಾನು ತಂದ್ರೆ ಸೊಟ್ಟ ಅಂತೀಯ, ತೊಟ್ಟಿಲ್ಲ ಅಂತೀಯ.”

ಅನ್ನುತ್ತಿದ್ದೆ, ನಿಜ. ದೃಷ್ಟಿ ತೆಗೆಯುವ ಕಾಯಿಯಲ್ಲೇ ಊನವಿದ್ದರೆ ಹೇಗೆ? ಕಾರು ಹತ್ತಿದೆ. ಮಾರ್ಕೆಟ್ಟಿನಲ್ಲಿ ರಾಶಿಯನ್ನೆಲ್ಲ ಹೊರಳಿಸಿ, ಮಾರುವವಳ ಬಾಯಲ್ಲಿ “ಮಗಳಿಗೆ ಗಂಡು ಹುಡುಕ್ತಿದ್ದೀರಾ ಸ್ವಾಮಿ?” ಎನ್ನಿಸಿಕೊಂಡು, ತೊಟ್ಟು ಗಟ್ಟಿಯಾಗಿರುವ ಒಂದನ್ನು ಆರಿಸಿದೆ. ಬ್ರೇಕ್ ಹಾಕಿದಾಗ ಉರುಳದಿರಲೆಂದು ಅದಕ್ಕೆ ಸೀಟ್ ಬೆಲ್ಟನ್ನೂ ಹಾಕಿ ಕರೆತಂದೆ.

ದಡದಲ್ಲಿ ಕುಂಬಳಕಾಯಿಯೊಂದು ಒಡೆದು ಬಿದ್ದಿತ್ತು. ತಿರುಳಿನ ತುಂಬ ಕುಂಕುಮ. ನೀರಿನಂಚಿನಲ್ಲಿ ನಿಂಬೆಹಣ್ಣುಗಳು ತೇಲುತ್ತಿದ್ದವು. ದೋಣಿ ಇರಲಿಲ್ಲ.

ತಲೆಯೆತ್ತಿದೆ. ದೂರದಲ್ಲಿ ಬಿಳಿ ಹಾಯಿ ಗಾಳಿ ತುಂಬಿಕೊಂಡು ಓಡುತ್ತಿತ್ತು. ನಾನು ಅಂದುಕೊಂಡಿದ್ದಕ್ಕಿಂತ ಚೆಂದವಾಗಿತ್ತು. ಅದೇ ಹೊಟ್ಟೆ ಉರಿಸಿದ್ದು. ಹಿಂದೆ ಕೂತಿದ್ದವಳು ನನ್ನ ಹೆಂಡತಿ. ಅವಳು ಹಿಡಿಯನ್ನು ಎಡಕ್ಕೆ ತಳ್ಳಿದಳು, ದೋಣಿ ನಯವಾಗಿ ಬಲಕ್ಕೆ ತಿರುಗಿತು. ನೀರಿನ ಮೇಲೆ ಅವಳ ನಗು ದಡದವರೆಗೂ ಬಂತು. ಮನೆಯಲ್ಲಿ ಆ ನಗು ಕೇಳಿ ಬಹಳ ಕಾಲವಾಗಿತ್ತು.

ಅವರು ಬಂದು ಹಗ್ಗ ಎಸೆದಾಗ ನಾನು ಕುಂಬಳಕಾಯಿಯನ್ನು ತಬ್ಬಿಕೊಂಡೇ ನಿಂತಿದ್ದೆ.

“ಕಾಯಿ ನನ್ನ ಡಿಕ್ಕಿಯಲ್ಲೇ ಇತ್ತು,” ಎಂದ ಗೆಳೆಯ, ನನ್ನ ಮುಖ ನೋಡದೆ. “ಸುಳ್ಳು ಹೇಳ್ದೆ. ನೀನಿದ್ದಿದ್ರೆ ಇವತ್ತೂ ಹಗ್ಗ ಬಿಚ್ತಿರ್ಲಿಲ್ಲ ಮಾರಾಯ.”

“ಕೈಮೇಲೆ ಕೈ ಹಾಕಿದ್ಯಲ್ಲೋ.”

“ಅವರನ್ನ ಯಾಕೆ ಅಂತೀರಿ?” ಎಂದಳು ಹೆಂಡತಿ. “ನಿಮ್ಮನ್ನ ಮಾರ್ಕೆಟ್ಟಿಗೆ ಕಳ್ಸಿ ಅಂತ ಹೇಳಿದ್ದೇ ನಾನು. ಟೆರೇಸಲ್ಲಿ ಪೊರಕೆ ಹಿಡ್ಕೊಂಡು ಎಷ್ಟು ವರ್ಷ ಕೂರೋದ್ರೀ?” ಮತ್ತೆ ಸಮಾಧಾನವಾಗಲೆಂದು, “ಆದ್ರೂ ಎಷ್ಟು ಚೆನ್ನಾಗಿ ಹೇಳ್ಕೊಟ್ಟಿದ್ದೀರಿ ಗೊತ್ತಾ? ಒಂದ್ಸಲನೂ ತಪ್ಪಲಿಲ್ಲ,” ಎಂದಳು.

ಅವನ ಸುಳ್ಳಿಗಿಂತ ಆ ಹೊಗಳಿಕೆ ಆಳಕ್ಕೆ ಇಳಿಯಿತು. ಇವತ್ತು ನಾನು ಹಗ್ಗ ಬಿಚ್ಚಿಯೇ ಬಿಡುತ್ತಿದ್ದೆ. ಅದನ್ನು ಹೇಳಿದರೆ ಯಾರು ನಂಬುತ್ತಾರೆ?

ಇಬ್ಬರೂ ಬಲವಂತ ಮಾಡಿ ನನ್ನನ್ನು ಹತ್ತಿಸಿದರು. ಹಿಡಿಯ ಮೇಲೆ ಅವಳ ಕೈಯ ಬಿಸಿ ಇನ್ನೂ ಇತ್ತು. ಹಾಯಿ ಏರಿಸಿದೆವು, ಗಾಳಿ ಬಿದ್ದುಹೋಗಿತ್ತು. ಬಟ್ಟೆ ಒಣಹಾಕಿದಂತೆ ಹಾಯಿ ಜೋತುಬಿತ್ತು. ನಾನು ಹಿಡಿಯನ್ನು ಎಡಕ್ಕೆ ತಳ್ಳಿದೆ, ಬಲಕ್ಕೆ ಎಳೆದೆ. ದೋಣಿಗೆ ಏನೂ ಅನ್ನಿಸಲಿಲ್ಲ.

ಶಿವಮೊಗ್ಗಕ್ಕೆ ಮರಳುವಾಗ ಅವಳು ದಾರಿಯುದ್ದಕ್ಕೂ ಮಾತಾಡಿದಳು. “ಒಂದು ಕಡೆ ಗಾಳಿ ಜೋರಾಗಿ ಬಂದು ದೋಣಿ ಹಿಂಗೆ ವಾಲ್ತು ನೋಡಿ, ಆಗ ನೀವು ಇರಬೇಕಿತ್ತು…” ಎಂದವಳು ಅಲ್ಲಿಗೇ ನಿಲ್ಲಿಸಿ ಕಿಟಕಿಯಾಚೆ ನೋಡತೊಡಗಿದಳು.

ನಾನು ಗೇರ್ ಬದಲಿಸಿದೆ. ತಳದಲ್ಲಿ ಒಂದು ಹನಿ ನೀರು ಇರಲಿಲ್ಲ, ಕಂಬ ನೆಟ್ಟಗಿತ್ತು, ಎಲ್ಲರೂ ಕ್ಷೇಮವಾಗಿದ್ದರು. ಮೊದಲ ಸುತ್ತು ಮುಗಿದಿತ್ತು, ನಾನು ಅದರಲ್ಲಿರಲಿಲ್ಲ. ಅಷ್ಟೆ.